ಏಳನೆಯ ಮಂಚಕ್ಕೆ ಬಂದ ಸೂಜಿ

ಆಸ್ಪತ್ರೆಯಲ್ಲಿ ತನಗೆ ಕೊಟ್ಟ ಎಂಟನೆಯ ಮಂಚದಲ್ಲಿ ತಲೆ ಉತ್ತರಕ್ಕೆ ಬರುತ್ತದೆಂದು ಹೆದರಿ, ತುಂಗವ್ವ ಶಿವನಾಮ ಹೇಳುತ್ತ ಎದುರು ಸಾಲಿನಲ್ಲಿ ಖಾಲಿಯಿದ್ದ ಏಳನೆಯದಕ್ಕೆ ಹೋಗಿ ಮಲಗಿದಳು. ಏಳನೆಯವಳನ್ನು ಎಕ್ಸ್‌ರೇಗೆ ಕರೆದೊಯ್ದಿದ್ದರು. ಅವಳಿಗೆಂದು ಮದ್ದು ತುಂಬಿದ ಸೂಜಿ ನರ್ಸಮ್ಮನ ಕೈಯಲ್ಲಿ ಬಂತು.

ತುಂಗವ್ವನ ಕೈಪಟ್ಟಿ ಸೂಜಿಗೆ ಕೂಗಿ ಹೇಳಿತು: "ನಿಲ್ಲಯ್ಯ! ಈ ಮದ್ದು ಇವಳಿಗೆ ವಿಷ. ನನ್ನ ಮೇಲಿನ ಹೆಸರು ಓದು."

"ಹೆಸರು ಕಟ್ಟಿಕೊಂಡು ನನಗೇನಾಗಬೇಕು? ಮಂಚದ ನಂಬರು ಸಾಕು," ಎಂದಿತು ಸೂಜಿ. "ನಿನ್ನೆ ಹನ್ನೊಂದನೆಯ ಮಂಚದಲ್ಲಿ ನಮ್ಮಣ್ಣನೂ ನಂಬರು ನೋಡಿಯೇ ಚುಚ್ಚಿದ."

"ಅಲ್ಲಿದ್ದವಳು ಈಗೆಲ್ಲಿ?"

ಸೂಜಿ ತುಂಗವ್ವನ ತೋಳಿನತ್ತ ಇನ್ನಷ್ಟು ಬಾಗಿತು.

ಇವತ್ತು ಬೆಳಿಗ್ಗೆಯಷ್ಟೇ ಬಂದ ಹೊಸ ಕಟ್ಟಳೆಯಂತೆ ನರ್ಸಮ್ಮ ಕೇಳಿದಳು: "ನಿಮ್ಮ ಹೆಸರು ಹೇಳಿ, ಅವ್ವ."

"ತುಂಗವ್ವ ಕಣವ್ವ."

ನರ್ಸಮ್ಮನ ಕೈ ಥಟ್ಟನೆ ಹಿಂದೆ ಸರಿಯಿತು.

ಆಗ, ಯಾರೂ ಮಲಗಿರದ ಹನ್ನೊಂದನೆಯ ಮಂಚ ಕಿರುಗುಟ್ಟಿತು: "ನಿನ್ನೆ ಇಲ್ಲಿ ಯಾರೂ ಕೇಳಲಿಲ್ಲ."