ಹೊಸ ಟೈರಿನ ಮೊದಲ ಸವಾರಿ

ದಾವಣಗೆರೆಯ ಕಂಟ್ರಾಕ್ಟರ್ ಶಿವಯೋಗಪ್ಪನವರ ಪುಟ್ಟ ಸ್ಪೋರ್ಟ್ಸ್ ಕಾರಿನ ಟೈರುಗಳು ಸವೆದಿದ್ದವು. ಡ್ರೈವರನ ಜೊತೆ ಅಂಗಡಿಗೆ ಬಂದವರು, ರೇಸಿನವರು ಹಾಕುವ, ಗೀರುಗಳೇ ಇಲ್ಲದ ನುಣ್ಣನೆಯ ಟೈರು ತೋರಿಸಿ, "ಇದನ್ನೇ ಹಾಕಿಸು" ಎಂದರು.

ಡ್ರೈವರ್ ಹೊರಗೆ ಸುರಿಯುತ್ತಿದ್ದ ಮಳೆಯತ್ತ ನೋಡಿದ. ಅಂಥ ಟೈರು ಒಣ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಈಗ ಮಳೆಗಾಲ. ಜಾರಿದರೆ ಪೆಟ್ಟೂ ಅವನಿಗೆ, ಬೈಗುಳವೂ ಅವನಿಗೆ.

"ಮಳೆ ಐತಲ್ರೀ ಸಾಹೇಬ್ರೆ..."

"ಕಾರು ನಂದೋ ನಿಂದೋ?"

"ನಿಮ್ದೇ ಬಿಡ್ರಿ, ಹಾಕ್ಸೋಣ. ನಿಂಬೆಹಣ್ಣೂ ತಂದೀನಿ."

ಹೊಸ ಟೈರಿನಡಿ ನಿಂಬೆಹಣ್ಣಿಟ್ಟು ಹತ್ತಿಸುವುದು, ಮೊದಲ ಸವಾರಿಗೆ ಮನೆಯ ಹಿರಿಯರನ್ನು ಕೂರಿಸುವುದು ಅವರ ಮನೆಯ ಪದ್ಧತಿ.

ಡ್ರೈವರ್ ಮುಂದುವರಿಸಿದ: "ನಿಮ್ಮ ಅವ್ವಾರು ಸೀರೆ ಉಟ್ಟು ಕಾಯ್ತಾ ಅದಾರೆ. ಇಂಥ ಟೈರು, ಮೊದಲ ಸವಾರಿ ನೀವೇ ಹೊಡೀರಿ. ನಿಮ್ಮ ಕೈಗೇ ಶೋಭೆ."

ಹೋದ ವರ್ಷ ಶಿವಯೋಗಪ್ಪ ಒಮ್ಮೆ ಜೋರಾಗಿ ಬ್ರೇಕ್ ಹಾಕಿದಾಗ ತಾಯಿ ನೀಲಮ್ಮನವರ ಮಡಿಲಿಗೆ ಮಜ್ಜಿಗೆ ಚೆಲ್ಲಿತ್ತು. ಆ ಕತೆಯನ್ನು ಬಂದ ಬೀಗರಿಗೆಲ್ಲ ನೀಲಮ್ಮ ಇನ್ನೂ ಹೇಳುತ್ತಿದ್ದರು.

ಶಿವಯೋಗಪ್ಪ ಹೊರಗಿನ ಮಳೆ ನೋಡಿದರು. ನುಣ್ಣನೆಯ ಟೈರಿನ ಮೇಲೆ ಕೈಯಾಡಿಸಿದರು. ಕೆಮ್ಮಿದರು. ಆಮೇಲೆ ಅಂಗಡಿಯವನನ್ನು ಕೇಳಿದರು: "ಮಳೆಗೂ ಆಗೋ ಸ್ಪೋರ್ಟ್ಸ್ ಟೈರು ಇಲ್ವೇನಯ್ಯಾ? ಗೀರು ಆಳವಾಗಿರ್ಲಿ."

ಸಂಜೆ ಮಗ ಓಡಿಸಿದ ಕಾರಿನಲ್ಲಿ ಒದ್ದೆ ರಸ್ತೆಯಲ್ಲಿ ಒಂದು ಸುತ್ತು ಮುಗಿಸಿ ನೀಲಮ್ಮ ಇಳಿದರು. ಈ ಸಲವೂ ಅವರು ಮಡಿಲಲ್ಲಿಟ್ಟುಕೊಂಡಿದ್ದ ತಂಬಿಗೆಯ ಮಜ್ಜಿಗೆ ಒಂದು ಹನಿಯೂ ತುಳುಕಿರಲಿಲ್ಲ.

"ಟೈರು ಯಾರು ಆರಿಸಿದ್ರೋ?"

"ನಾನೇ ಅವ್ವಾ!" ಶಿವಯೋಗಪ್ಪ ಎದೆಯುಬ್ಬಿಸಿದರು.

"ಹೌದ್ರವ್ವಾ, ಅವರೇ" ಎಂದು ಡ್ರೈವರ್ ನಿರಾಳವಾಗಿ ಉಸಿರುಬಿಟ್ಟ. ಹೆಸರು ಅವರಿಗೇ ಇರಲಿ. ನಾಳೆ ಮಳೆಯಲ್ಲಿ ಕಾರು ಓಡಿಸುವವನು ತಾನಲ್ಲವೆ!