ಇಬ್ಬನಿ ಓಣಿ

‘ನೂಲು ಸುಳ್ಳಾಡದು’ ಎಂಬ ಮಾತನ್ನು ನೇಕಾರರ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುತ್ತಾರೆ. ನನಗೆ ಅದನ್ನು ಕಲಿಸಿದವಳು ಅಜ್ಜಿ. ಆಡಿದ ನಾಲಗೆ ಹೊರಳಬಹುದು, ಬಿಗಿಹಿಡಿದ ನೂಲು ಹೊರಳದು ಎಂಬುದು ಅದರ ಭಾವ. ಆದರೆ ಮುತ್ತಲಕೊಪ್ಪದ ಇಬ್ಬನಿ ಓಣಿಯಲ್ಲಿ ನಿಂತಾಗಲೆಲ್ಲ, ಈ ಮಾತು ಪೂರ್ಣ ನಿಜವೇ ಎಂಬ ಸಂದೇಹ ನನ್ನಲ್ಲಿ ಮೂಡುತ್ತದೆ. ಓಣಿಯೆಂದರೆ ಎರಡು ಹಳೆಯ ಮನೆಗಳ ನಡುವಿನ ನೇರವಾದ ದಾರಿ, ಅಷ್ಟೇ. ಎರಡೂ ಬದಿಯಲ್ಲಿ ಒಂದೊಂದು ಗಡಿಗಲ್ಲು ನೆಟ್ಟಿದೆ. ಉತ್ತರದ ಕಲ್ಲು ಮನೆಯ ಗೋಡೆಗೆ ಅಂಟಿಕೊಂಡಿದೆ. ದಕ್ಷಿಣದ ಕಲ್ಲು ಮಾತ್ರ ಗೋಡೆಯಿಂದ ಒಂದು ಗೇಣು ದೂರ, ಯಾರನ್ನೋ ಕಾಯುವಂತೆ ಒಂಟಿಯಾಗಿ ನಿಂತಿದೆ. ಈ ಗೇಣಿಗೆ ಊರಿನ ಹಿರಿಯರು ಒಂದು ಐತಿಹ್ಯವನ್ನು ಹೇಳುತ್ತಾರೆ.

ಹಿಂದೆ ಒಮ್ಮೆ ಈ ನಿವೇಶನವೆಲ್ಲ ಇಬ್ಬರು ನೇಕಾರ ಗೆಳೆಯರ ಕೂಡು ಆಸ್ತಿಯಾಗಿತ್ತು. ಅವರಲ್ಲೊಬ್ಬ ತೀರಿಕೊಂಡ. ಉಳಿದವರು ಅಡಿವೆಪ್ಪ, ಅವನ ಹೆಂಡತಿ ನೀಲವ್ವ, ಮತ್ತು ತೀರಿಕೊಂಡ ಗೆಳೆಯನ ಹೆಂಡತಿ ದುಂಡವ್ವ. ಬೇರೆ ಬೇರೆ ಮನೆ ಕಟ್ಟಿಕೊಳ್ಳೋಣವೆಂದು ಒಮ್ಮತದಿಂದಲೇ ಪಾಲಿಗೆ ಕುಳಿತರು. ದುಂಡವ್ವನಿಗೆ ಉತ್ತರದ ಭಾಗ, ಅಡಿವೆಪ್ಪನಿಗೆ ದಕ್ಷಿಣದ ಭಾಗ. ಅಳತೆ ಎರಡಕ್ಕೂ ಒಂದೇ. ನಡುವೆ ಉಳಿದ ನೆಲ ಇಬ್ಬರಿಗೂ ಸೇರಿದ ದಾರಿ. ನಡೆದಾಡುವುದಕ್ಕಷ್ಟೇ ಅಲ್ಲ ಆ ದಾರಿ. ಹಾಸು, ಎಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಮಗ್ಗಕ್ಕೇರಿಸುವ ಮೊದಲು ಚಾಚಿ ಗಂಜಿ ಹಚ್ಚುತ್ತಿದ್ದುದು ಅಲ್ಲಿಯೇ. ಒಂದು ಬದಿಯಲ್ಲಿ ದುಂಡವ್ವ ಕುಂಚ ಹಿಡಿದು ನಡೆದರೆ, ಇನ್ನೊಂದು ಬದಿಯಲ್ಲಿ ನೀಲವ್ವ ಹರಿದ ಎಳೆಗಳನ್ನು ಕೂಡಿಸುತ್ತಿದ್ದಳಂತೆ.

ನೆಲ ಅಳೆಯಲು ಅಡಿವೆಪ್ಪ ಹೊಸ ಹತ್ತಿಯ ಹುರಿಯೊಂದನ್ನು ಹೊಸೆದು ರಾತ್ರಿ ಅಂಗಳದಲ್ಲೇ ಬಿಟ್ಟಿದ್ದ. ನಸುಕಿನಲ್ಲಿ ದುಂಡವ್ವನ ಪಾಲು ಅಳೆದು ಗೂಟ ಹೊಡೆದರು. ಬಳಿಕ ಎಲ್ಲರೂ ಕೂಡಿ ರೊಟ್ಟಿ ತಿಂದು, ಬಿಸಿಲೇರಿದ ಮೇಲೆ ಅದೇ ಹುರಿಯಿಂದ ಅಡಿವೆಪ್ಪನ ಪಾಲು ಅಳೆದರು. ಕೆಲದಿನಗಳಾದ ಮೇಲೆ ಒಂದು ಮಧ್ಯಾಹ್ನ ದುಂಡವ್ವ ತನ್ನ ಪಾಲನ್ನು ತಾನೇ ಅಳೆದು ನೋಡಿದಾಗ ಹುರಿ ಗೂಟವನ್ನು ದಾಟಿ ಒಂದು ಗೇಣು ಮುಂದೆ ಹೋಯಿತು. ಯಾರೋ ತನ್ನ ಗೂಟವನ್ನು ಒಳಕ್ಕೆ ಸರಿಸಿದ್ದಾರೆಂದು ಅವಳು ತಿಳಿದಳು. “ಗಂಡ ಇದ್ದಿದ್ರ ಈ ಗೂಟಕ್ಕ ಕಾಲು ಬರತಿದ್ದಿಲ್ಲ” ಎಂದು ಅಂಗಳದಲ್ಲಿ ನಿಂತು ಆಡಿಬಿಟ್ಟಳು. ಮಾತು ಅಡಿವೆಪ್ಪನ ಎದೆಗೆ ನಾಟಿತು. ಹಾಗಾದರೆ ದಾರಿಯೂ ಪಾಲಾಗಲಿ, ನಟ್ಟನಡುವೆ ಗೋಡೆ ಏಳಲಿ ಎಂದು ಕಲ್ಲು ತರಿಸಿದ. ಅವನಿಗೆ ಹೊಳೆದಂಡೆಯವರೆಗೆ ಹಾಸು ಹೊತ್ತೊಯ್ಯಲು ಬೆಳೆದ ಮಕ್ಕಳಿದ್ದರು. ದುಂಡವ್ವನಿಗೆ ಯಾರೂ ಇರಲಿಲ್ಲ. ಅರ್ಧ ದಾರಿಯಲ್ಲಿ ಹಾಸು ಚಾಚಲಾಗದು. ಗೋಡೆ ಎದ್ದರೆ ಅವಳ ಮಗ್ಗ ನಿಂತಂತೆಯೇ. ಇಷ್ಟು ತಿಳಿದಿದ್ದೂ ಅವಳು ಬೇಡಿಕೊಳ್ಳಲಿಲ್ಲ, ಅವನು ಕೇಳಲಿಲ್ಲ.

ಪಾಯದ ಗುರುತಿಗೆಂದು ಅಡಿವೆಪ್ಪ ಒಂದು ಸಂಜೆ ಅದೇ ಹುರಿಯನ್ನು ದಾರಿಯ ಉದ್ದಕ್ಕೂ ಎರಡು ಗೂಟಗಳಿಗೆ ಕಟ್ಟಿದ. ಮರುದಿನ ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಲು ಬಂದ ಇಬ್ಬರು ಹೆಂಗಸರೂ ಒಂದೇ ಕಡೆ ನೋಡುತ್ತ ನಿಂತರು. ಇಬ್ಬನಿ ಕುಡಿದ ಹುರಿ ಬಿಗಿದು ಮೋಟಾಗಿ, ಗೂಟಗಳೆರಡೂ ಒಂದರ ಕಡೆ ಒಂದು ವಾಲಿದ್ದವು. ದುಂಡವ್ವ ಹುರಿಯನ್ನು ಮುಟ್ಟಿ ಒದ್ದೆಯಾದ ಬೆರಳನ್ನೇ ನೋಡುತ್ತಿದ್ದಳು. ಬಹುದಿನದ ಮೌನವನ್ನು ಮೊದಲು ಮುರಿದವಳು ನೀಲವ್ವ.

“ಯಕ್ಕಾ, ಕಳ್ಳ ಸಿಕ್ಕ ನೋಡು. ನಮ್ಮ ಮನಿಯವರಿಗೆ ಸುಮ್ಮನ ಬೈದಿ.”

“ನಿನ್ನ ಗಂಡಗ ಹುರಿ ಹೊಸಿಯೂದು ಗೊತ್ತು, ಒಣಗಸೂದು ಗೊತ್ತಿಲ್ಲ” ಎಂದಳಂತೆ ದುಂಡವ್ವ, ನಗುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಇಬ್ಬನಿಯ ಹೊತ್ತಿನಲ್ಲಿ ಎಳೆ ಹರಿಯದೆಂದು ದಿನವೂ ನಸುಕಿನಲ್ಲೇ ಹಾಸು ಚಾಚುತ್ತಿದ್ದ ಜನ, ನೆಲ ಅಳೆಯುವಾಗ ಮಾತ್ರ ಇಬ್ಬನಿಗೆ ಹುರಿ ಮೋಟಾಗುವುದನ್ನು ಮರೆತಿದ್ದರು.

ಓಣಿಯ ದೈವ, ಎಂದರೆ ಹಿರಿಯರ ಸಭೆ, ಅಂದೇ ಕೂಡಿತು. ಕೋಲಿನಿಂದ ಹೊಸದಾಗಿ ಅಳೆಯೋಣ ಎಂದರು ಹಿರಿಯರು. ದುಂಡವ್ವ ಒಪ್ಪಲಿಲ್ಲ. “ಆ ಗೇಣು ನನಗ ಬ್ಯಾಡ್ರಿ. ಇಬ್ಬನಿ ತಗೊಂಡದ್ದು ಇಬ್ಬನಿಗೇ ಇರಲಿ. ನಾ ಆಡಿದ ಮಾತಿಗೆ ಅದ ದಂಡ” ಎಂದಳು.

ಗೋಡೆಗೆಂದು ತಂದ ಕಲ್ಲುಗಳು ಇಂದಿಗೂ ಓಣಿಯ ಬಾಯಲ್ಲಿ ಕಟ್ಟೆಯಾಗಿವೆ. ಬಂದವರು ಅದರ ಮೇಲೆ ಕುಳಿತು, ನಸುಕಿನಲ್ಲಿ ಎರಡೂ ಮನೆಗಳ ಹಾಸು ಒಂದೇ ದಾರಿಯಲ್ಲಿ ಬಣ್ಣಬಣ್ಣವಾಗಿ ಚಾಚಿಕೊಳ್ಳುವುದನ್ನು ನೋಡುತ್ತಾರೆ. ದಕ್ಷಿಣದ ಕಲ್ಲು ಗೋಡೆಯಿಂದ ದೂರ ನಿಂತಿರುವುದೇಕೆಂದು ಯಾರಾದರೂ ಕೇಳಿದರೆ, ಅಂದು ಅಡಿವೆಪ್ಪ ದೈವದ ಮುಂದೆ ಎದ್ದು ನಿಂತು ಆಡಿದ ಮಾತನ್ನೇ ಓಣಿಯವರು ಉತ್ತರವಾಗಿ ಹೇಳುತ್ತಾರೆ:

“ಎಲ್ಲಾರೂ ಕೇಳ್ರಿ. ಗೋಡಿ ಕಟ್ಟಂಗಿಲ್ಲ. ದುಂಡವ್ವ ಬಿಟ್ಟಷ್ಟು ನಾನೂ ಬಿಡತೀನಿ. ನನ್ನ ಮನಿ ಕಲ್ಲಿನಿಂದ ಒಂದು ಗೇಣು ಒಳಗ ಏಳತೈತಿ. ನಾಳೆ ನಸುಕಿನ್ಯಾಗ ಮೊದಲ ಆಕಿ ಹಾಸು ಚಾಚೋಣು, ಆಮ್ಯಾಲೆ ನಮ್ಮದು.”