ನಗಾರಿ ಬಾರಿಸದ ಕಾವಲುಗಾರ

"ಗುರುಗಳೇ, ವಾಸಿಯಾದ ಮನೋವ್ಯಾಧಿ ಮತ್ತೆ ಬಂತೆಂದರೆ ಮೊದಲು ಕೊಟ್ಟ ಔಷಧವೇ ಸುಳ್ಳು ಎಂದಲ್ಲವೇ?" ಎಂದು ಹಾಲಪ್ಪ ಕೇಳಿದ.

ಹಾಲಪ್ಪ ಬಹುಕಾಲ ಸೇನೆಯಲ್ಲಿದ್ದು ಬಂದವನು. ಊರಿಗೆ ಬಂದ ಮೇಲೆ ಅವನ ಮನಸ್ಸಿಗೆ ಮಂಕು ಕವಿದಿತ್ತು. ಪಟ್ಟಣದ ವೈದ್ಯೆಯೊಬ್ಬರು ಗುಳಿಗೆ ಕೊಟ್ಟು, ವಾರವಾರ ಮಾತಾಡಿಸಿ, ಅವನನ್ನು ಎಬ್ಬಿಸಿ ನಿಲ್ಲಿಸಿದ್ದರು. ಈಗ ಮಠದ ಹೂದೋಟ ನೋಡಿಕೊಂಡಿದ್ದ. ಹುಷಾರಾದೆನೆಂದು ಗುಳಿಗೆ ಬಿಟ್ಟಿದ್ದ. ವೈದ್ಯೆಯ ಬಳಿಗೆ ಹೋಗುವುದನ್ನೂ ಬಿಟ್ಟಿದ್ದ. ಈಚೆಗೆ ಆ ಹಳೆಯ ಭಾರ ಮತ್ತೆ ಎದೆಯ ಮೇಲೆ ಬಂದು ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ದಿನಾ ಬೆಳಗ್ಗೆ ಗುರುಗಳು "ಹೇಗಿದ್ದೀಯಪ್ಪ?" ಎಂದು ಕೇಳಿದರೆ "ಚೆನ್ನಾಗಿದ್ದೇನೆ" ಎನ್ನುತ್ತಿದ್ದ. ಅಂದು ಬೆಳಗ್ಗೆಯೂ ಹಾಗೇ ಹೇಳಿದ್ದ.

"ಯಾರ ವ್ಯಾಧಿ?" ಎಂದರು ಗುರುಗಳು.

"ನನ್ನ ಜೊತೆಗಿದ್ದ ಒಬ್ಬನದು."

ಗುರುಗಳು ಅವನ ಮುಖ ನೋಡಲಿಲ್ಲ. ಇಬ್ಬರೂ ಕೂತು ಬಿಡಿಸುತ್ತಿದ್ದ ಮೊರದ ಅವರೆಕಾಯಿಯಿಂದ ಕೈ ತೆಗೆಯದೆಯೇ ಕತೆ ಹೇಳಿದರು.

ಒಂದು ಕೋಟೆಯಲ್ಲಿ ಒಬ್ಬ ಕಾವಲುಗಾರನಿದ್ದ. ಆ ಕೋಟೆಯಲ್ಲಿ ಒಂದು ಪದ್ಧತಿ. ಜಾವಕ್ಕೊಮ್ಮೆ ಒಂದು ಕೊತ್ತಳದವನು 'ಎಲ್ಲ ಕ್ಷೇಮ' ಎಂದು ಕೂಗಬೇಕು. ಅದನ್ನು ಕೇಳಿ ಪಕ್ಕದ ಕೊತ್ತಳದವನು ಕೂಗಬೇಕು. ಹೀಗೆ ಕೂಗು ಕೋಟೆಯನ್ನೆಲ್ಲ ಸುತ್ತಿ ಬರಬೇಕು. ಅದನ್ನು ಕೇಳಿ ಜನ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದರು. ವೈರಿಯ ಸುಳಿವು ಕಂಡರೆ ಮಾತ್ರ ಹಾಗೆ ಕೂಗುವಂತಿಲ್ಲ, ನಗಾರಿ ಬಾರಿಸಬೇಕು.

ಈತ ಯುದ್ಧಗಳನ್ನು ಕಂಡ. ಜೊತೆಗಾರರನ್ನು ತನ್ನ ಕೈಯಾರೆ ಮಣ್ಣು ಮಾಡಿದ. ತಲೆ ನರೆತ ಮೇಲೆ ಊರಿಗೆ ಬಂದ. ಹೆಂಡತಿ ಸಂಭ್ರಮದಿಂದ ಹೋಳಿಗೆ ಮಾಡಿ ಬಡಿಸಿದಳು. ಅವನ ನಾಲಿಗೆಗೆ ರುಚಿಯೇ ತಿಳಿಯಲಿಲ್ಲ. ಮೊದಲು ದಾರಿಯ ಆಯಾಸವೆಂದ. ಆಮೇಲೆ ಬಿಸಿಲೆಂದ. ಎತ್ತು ಸರಿಯಿಲ್ಲ, ಹೊಲಕ್ಕೆ ಹೋಗಲು ಮನಸ್ಸಿಲ್ಲ ಎಂದ. ಎತ್ತಿಗೆ ಮಾತು ಬಂದಿದ್ದರೆ ಜಗಳಕ್ಕೆ ನಿಲ್ಲುತ್ತಿತ್ತು. ಕೊನೆಗೆ ಹಾಸಿಗೆ ಬಿಟ್ಟು ಏಳದಾದ. ತಾನಿಲ್ಲದಿದ್ದರೆ ಮನೆಗೆ ಹಗುರ ಎಂಬ ಯೋಚನೆ ತಲೆಯಲ್ಲಿ ಮನೆ ಮಾಡಿತು.

ಹೆಂಡತಿ ಒಬ್ಬ ವೈದ್ಯನನ್ನು ಕರೆತಂದಳು. ವೈದ್ಯ ಕಷಾಯ ಕೊಟ್ಟ, ಹೊತ್ತು ಮೂಡುವಾಗ ನಡೆಯಲು ಕಳಿಸಿದ, ಕೂರಿಸಿಕೊಂಡು ಮಾತಾಡಿಸಿದ. ನಿಧಾನಕ್ಕೆ ಊಟ ರುಚಿಸಿತು. ಒಂದು ದಿನ ತಾನಾಗಿಯೇ ಎತ್ತು ಹೂಡಿದ. ಅಂದೇ ಕಷಾಯದ ಮಡಕೆಯನ್ನು ಅಟ್ಟಕ್ಕೆ ಹಾಕಿ, ಯುದ್ಧ ಮುಗಿಯಿತು ಎಂದ. ಇಷ್ಟು ಬೇಗ ಬೇಡ ಎಂದು ವೈದ್ಯ ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಗೆದ್ದವನಿಗೆ ಬುದ್ಧಿ ಹೇಳುವುದು ಕಷ್ಟ.

ಕೆಲವು ಸುಗ್ಗಿ ಕಳೆದವು. ಮಂಕು ಮತ್ತೆ ಬಂತು. ದಾರಿಯಲ್ಲಿ ಸಿಕ್ಕ ವೈದ್ಯ 'ಹೇಗಿದ್ದೀಯ?' ಎಂದರೆ, 'ಎಲ್ಲ ಕ್ಷೇಮ' ಎಂದ. ಹೆಂಡತಿ ಕೇಳಿದಾಗಲೂ ಅದನ್ನೇ ಹೇಳಿದ. ಬಾಯಿಗೆ ಅಭ್ಯಾಸವಾಗಿತ್ತು, ಮನಸ್ಸಿಗೆ ನಾಚಿಕೆಯಿತ್ತು. ಒಮ್ಮೆ ಎದ್ದವನು ಮತ್ತೆ ಬಿದ್ದರೆ ಅದು ಹೇಡಿತನವೆಂದು ಅವನು ತಿಳಿದಿದ್ದ. ಮನೆಯವರು ಅವನ ಮಾತು ನಂಬಿ ನೆಮ್ಮದಿಯಾಗಿದ್ದರು.

ಒಂದು ದಿನ ಅವನು ತನ್ನ ಕಂಬಳಿಯನ್ನೂ ಬೆಳ್ಳಿಯ ಕಡಗವನ್ನೂ ನೆರೆಮನೆಯವನಿಗೆ ಕೊಟ್ಟುಬಿಟ್ಟ. ಇನ್ನು ನನಗೇಕೆ ಎಂದನಂತೆ. ಅದನ್ನು ಕೇಳಿ ಹೆಂಡತಿ ಹಚ್ಚಿದ ಒಲೆಯನ್ನು ಹಾಗೇ ಬಿಟ್ಟು ವೈದ್ಯನ ಮನೆಗೆ ಓಡಿದಳು.

ವೈದ್ಯ ಬಂದು ಅವನ ಪಕ್ಕದಲ್ಲಿ ಕೂತ. ಹೇಗಿದ್ದೀಯ ಎಂದು ಕೇಳಲಿಲ್ಲ.

'ವೈರಿಯನ್ನು ಕಣ್ಣಾರೆ ಕಂಡೂ ಎಲ್ಲ ಕ್ಷೇಮ ಎಂದು ಕೂಗಿದ ಕಾವಲುಗಾರನಿಗೆ ನಿಮ್ಮ ಕೋಟೆಯಲ್ಲಿ ಏನು ಮಾಡುತ್ತಿದ್ದಿರಿ?' ಎಂದ.

'ಕೋಟೆಯಿಂದ ಆಚೆಗೆ ಹಾಕುತ್ತಿದ್ದೆವು. ಅವನಿಗಿಂತ ದ್ರೋಹಿ ಇನ್ನಾರು?'

'ಹಿಂದೆ ಓಡಿಹೋದ ವೈರಿಯೇ ತಿರುಗಿ ಬಂದ. ಕಂಡವನು ನಗಾರಿ ಬಾರಿಸಿದ. ಅವನನ್ನು ಹೇಡಿ ಎನ್ನುತ್ತಿದ್ದಿರೋ?'

ಕಾವಲುಗಾರ ಅತ್ತ. ಅತ್ತು ಮುಗಿದ ಮೇಲೆ, 'ಅನ್ನ ಸೇರುತ್ತಿಲ್ಲ. ಬದುಕೂ ಸೇರುತ್ತಿಲ್ಲ' ಎಂದ.

'ಬಾರಿಸಿದೆಯಲ್ಲ, ಸಾಕು. ಇನ್ನು ನಾವೂ ನಿನ್ನ ಜೊತೆ ನಿಲ್ಲುತ್ತೇವೆ' ಎಂದ ವೈದ್ಯ. ಅಟ್ಟದ ಮಡಕೆಯನ್ನು ಹೆಂಡತಿಯೇ ಇಳಿಸಿದಳು.

ಅಂದಿನಿಂದ ಹುಷಾರಿರಲಿ ಇಲ್ಲದಿರಲಿ, ಹುಣ್ಣಿಮೆಗೊಮ್ಮೆ ಅವನು ವೈದ್ಯನ ಜಗಲಿಗೆ ಹೋಗಿ ಕೂರುತ್ತಿದ್ದ. ಏನು ಉಂಡೆ, ಯಾವಾಗ ಎದ್ದೆ, ಯಾರ ಜೊತೆ ನಕ್ಕೆ ಎಂದು ವೈದ್ಯ ಕೇಳುತ್ತಿದ್ದ. ಕಂಡದ್ದನ್ನು ಕಂಡ ಹಾಗೆ ಹೇಳುವುದು ಕಾವಲುಗಾರನಿಗೆ ಕಷ್ಟವಾಗಲಿಲ್ಲ. ಅದು ಅವನು ಕಲಿತ ಕೆಲಸವೇ. ಮಂಕು ಮುಂದೆಯೂ ಬಂತು. ಒಮ್ಮೊಮ್ಮೆ ವೈದ್ಯ ಔಷಧ ಬದಲಿಸಬೇಕಾಯಿತು. ಆದರೆ ಅದು ಬಾಗಿಲು ಮುಟ್ಟುವ ಮೊದಲೇ ನಗಾರಿ ಕೇಳುತ್ತಿತ್ತು, ಬಂದದ್ದು ಬಹಳ ಕಾಲ ನಿಲ್ಲುತ್ತಿರಲಿಲ್ಲ. ನೆರೆಮನೆಯವನಿಂದ ಕಡಗವನ್ನು ವಾಪಸು ಕೇಳಿ ಇಸಿದುಕೊಂಡ. ಮೊಮ್ಮಕ್ಕಳನ್ನು ಎತ್ತಿ ಆಡಿಸಿದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯೊಡನೆ ಜಗಳವಾಡಿದ. ಹಣ್ಣು ಹಣ್ಣು ಮುದುಕನಾಗಿ, ಮುಪ್ಪಿನಿಂದಲೇ ಸತ್ತ.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪನ ಕೈಯಲ್ಲಿದ್ದ ಅವರೆಕಾಯಿ ಬಿಡಿಸದೆ ಹಾಗೇ ಉಳಿದಿತ್ತು.

"ಹಾಗಾದರೆ ಅವನು ಪೂರ್ತಿ ವಾಸಿಯಾಗಲೇ ಇಲ್ಲವೇ, ಗುರುಗಳೇ?"

"ಪೂರ್ತಿ ಬದುಕಿದನಲ್ಲಪ್ಪ" ಎಂದರು ಗುರುಗಳು. ಮೊರವನ್ನು ಪಕ್ಕಕ್ಕಿಟ್ಟು, ಆಗ ಮೊದಲ ಸಲ ಅವನ ಮುಖ ನೋಡಿದರು.

"ಇವತ್ತು ಬೆಳಗ್ಗೆ ನಾನು ಕೇಳಿದಾಗ ಚೆನ್ನಾಗಿದ್ದೇನೆ ಎಂದೆಯಲ್ಲ ಹಾಲಪ್ಪ, ಕೊತ್ತಳದ ಮೇಲಿಂದ ಏನನ್ನು ಕಂಡು ಹಾಗೆ ಕೂಗಿದೆ?"